ದುರ್ಗಿಯ ತಲೆಯೊಳಗಿನ ಬಾಗಿಲು

ಅಘನಾಶಿನಿ ಎಂಬ ಊರಿನಲ್ಲಿ ಎಲ್ಲರೂ ದುರ್ಗಿಯ ಹತ್ತಿರ ಹೊತ್ತು ಕೇಳುತ್ತಿದ್ದರು. ದುರ್ಗಿ ಮಾತ್ರ ಯಾರ ಹತ್ತಿರವೂ ಕೇಳಿದವಳಲ್ಲ. ಅವಳ ಮನೆಯ ಗೋಡೆಯ ಮೇಲೂ ಒಂದು ಗಡಿಯಾರವಿತ್ತು, ಇಲ್ಲವೆನ್ನುವಂತಿಲ್ಲ. ಸೆಲ್ಲು ಮುಗಿದು, ನಾಲ್ಕೂ ಇಪ್ಪತ್ತಕ್ಕೆ ನಿಂತು ಎಂಟು ವರ್ಷವಾಗಿತ್ತು. ತೆಗೆದುಹಾಕೇ ಅಂದವರಿಗೆ, "ಇರ್ಲಿ ಪಾಪ, ಗೋಡೆಯ ತೂತು ಮುಚ್ಚಿದ್ದು ಅದೇಯ," ಎನ್ನುತ್ತಿದ್ದಳು.

ಅವಳ ಕೆಲಸವೇ ಹಾಗೆ. ಹೊಳೆ ಸಮುದ್ರಕ್ಕೆ ಸೇರುವಲ್ಲಿ, ಉಪ್ಪುನೀರಿನ ಬಾಯಲ್ಲೇ ಮಣ್ಣಿನ ಕಟ್ಟೆ ಹಾಕಿ ಉಳಿಸಿಕೊಂಡ ಬಯಲಿಗೆ ಗಜನಿ ಎನ್ನುತ್ತಾರೆ. ಅಲ್ಲಿ ಬೆಳೆಯುವುದು ಕಗ್ಗ ಎಂಬ ಹಠಮಾರಿ ಭತ್ತ. ಕಟ್ಟೆಗೊಂದು ತೂಬು, ತೂಬಿಗೆ ಒಂದರ ಮೇಲೊಂದು ಕೂರಿಸುವ ಐದು ಹಲಗೆ, ಅದೇ ಬಾಗಿಲು. ಮಳೆಗಾಲದಲ್ಲಿ ನೀರು ಇಳಿದಾಗ ಹಲಗೆ ಎತ್ತಿ ಗದ್ದೆಯ ಮಳೆನೀರನ್ನು ಹೊಳೆಗೆ ಬಿಡಬೇಕು, ಭರತಿ, ಅಂದರೆ ಸಮುದ್ರದ ಉಬ್ಬರ, ಏರುವ ಮೊದಲು ಹಲಗೆ ಇಳಿಸಿ ಉಪ್ಪನ್ನು ತಡೆಯಬೇಕು. ಹೊತ್ತು ತಪ್ಪಿದರೆ ಎಳೆ ಸಸಿಗಳ ಮೇಲೆ ಸಮುದ್ರವೇ ಬಂದು ಕೂರುತ್ತದೆ. ಆ ಬಾಗಿಲನ್ನು ಮೂವತ್ನಾಲ್ಕು ವರ್ಷದಿಂದ ದುರ್ಗಿ ನೋಡಿಕೊಳ್ಳುತ್ತಿದ್ದಳು.

ಲೆಕ್ಕ ಕಲಿಸಿದ್ದು ಅವಳ ಅತ್ತೆ. ಹುಣ್ಣಿಮೆಯ ದಿನ ಹೊತ್ತು ಮೂಡಿ ಹನ್ನೆರಡು ಘಳಿಗೆಗೆ ತುಂಬು ಭರತಿ. ಅಲ್ಲಿಂದ ದಿನಕ್ಕೆ ಎರಡೆರಡು ಘಳಿಗೆ ಕೂಡಿಸುತ್ತ ಹೋಗುವುದು. ತುಂಬುವುದಕ್ಕೆ ಎಂಟು ಘಳಿಗೆ ಮುಂಚೆ ಬಾಗಿಲು ಬಿದ್ದಿರಬೇಕು. ಘಳಿಗೆ ಅಂದರೆ ಇಪ್ಪತ್ನಾಲ್ಕು ನಿಮಿಷ. ಅದು ದುರ್ಗಿಗೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಬಿದ್ದಿಲ್ಲ. ಮುಂಜಾನೆ ಅಂಗಳ ಗುಡಿಸುವಾಗ ಪೊರಕೆಯ ಮೊದಲ ಬೀಸಿಗೆ ಆ ದಿನದ ತಿಥಿಯನ್ನು ಒಮ್ಮೆ ಬಾಯಿಬಿಟ್ಟು ಹೇಳುವಳು. ಅಷ್ಟೇ ಅವಳ ಪಂಚಾಂಗ. ಆಮೇಲೆ ವಾರಗಟ್ಟಲೆ ಸೂರ್ಯ ಮುಖ ತೋರಿಸದಿದ್ದರೂ ಅವಳ ತಲೆಯೊಳಗೆ ಘಳಿಗೆಗಳು ತಮ್ಮಷ್ಟಕ್ಕೆ ಉರುಳುತ್ತಿದ್ದವು.

ಗಜನಿ ರೈತರ ಸಂಘದ ಅಧ್ಯಕ್ಷ ಬೊಮ್ಮಯ್ಯನಿಗೆ ಇದು ಸಾಲದಾಯಿತು. ಆತ ಒಳ್ಳೆಯವನೇ, ಆದರೆ ಮೊಬೈಲಿನಲ್ಲಿ ಏನು ನೋಡಿದರೂ ಅದು ಅಘನಾಶಿನಿಗೆ ಬರಬೇಕು ಎನ್ನುವ ಜಾತಿ. ಗುಂಡಿ ಒತ್ತಿದರೆ ಏರಿ ಇಳಿಯುವ ಮೋಟಾರು ಬಾಗಿಲನ್ನು ಎಲ್ಲೋ ನೋಡಿ, ನಮಗೂ ಬೇಕೆಂದು ಎರಡು ಸಭೆಯಲ್ಲಿ ಹಠ ಹಿಡಿದ. ಎರಡು ಸಲವೂ ದುರ್ಗಿ ಎದ್ದು ಒಂದೇ ಮಾತು ಹೇಳಿದಳು. "ಮಳೆಗಾಲದಲ್ಲಿ ನಮ್ಮೂರಲ್ಲಿ ಕರೆಂಟು ಎಷ್ಟು ದಿನ ಇರ್ತದೆ? ಕರೆಂಟು ಹೋದ್ರೆ ನಿನ್ನ ಬಾಗಿಲು ಎಂತ ಮಾಡ್ತದೆ? ನನ್ನ ತಲೆ ಕರೆಂಟಿನ ಮೇಲೆ ನಡೆಯೂದಿಲ್ಲ ಬೊಮ್ಮಯ್ಯ." ಸಭೆ ನಕ್ಕಿತು, ಮೋಟಾರಿನ ಮಾತು ಮುಂದಿನ ಸಭೆಗೆ ಹೋಯಿತು. ಆಷಾಢ ಹುಣ್ಣಿಮೆಯಾದ ಎಂಟನೇ ದಿನಕ್ಕೆ ಮೂರನೇ ಸಭೆ ಕರೆದಿದ್ದರು.

ಇಷ್ಟು ಗಟ್ಟಿ ಹೆಂಗಸಿಗೂ ಒಂದು ಚಟವಿತ್ತು. ಹದಿನೆಂಟಕ್ಕೆ ಹಿಡಿದ ಎಲೆಯಡಿಕೆ, ಹೊಗೆಸೊಪ್ಪಿನ ಕವಳ ಅರುವತ್ತಕ್ಕೂ ಬಾಯಲ್ಲಿತ್ತು. ಕಳೆದ ಮಾಘದಲ್ಲಿ ದವಡೆಯೊಳಗೆ ಬಿಳಿ ಮಚ್ಚೆ ಕಂಡಿತು. ಕುಮಟೆಯ ಹಲ್ಲಿನ ಡಾಕ್ಟರು ಕನ್ನಡಿ ಹಿಡಿದು ತೋರಿಸಿ, ಇನ್ನೊಂದು ಎಸಳು ಬಾಯಿಗೆ ಹಾಕಿದರೆ ನನ್ನ ಹತ್ತಿರ ಬರಬೇಡಿ ಎಂದುಬಿಟ್ಟರು. ದುರ್ಗಿ ಹೆದರಿದಳು. ಕವಳ ಬಿಟ್ಟ ಮೂರನೇ ದಿನವೇ ಅಂಗಳದ ಕೋಳಿಗಳ ಜೊತೆ ಜಗಳಕ್ಕೆ ನಿಂತಳು.

ಆಗ ಬಂದವನು ಅವಳ ತಮ್ಮನ ಮಗ ರಾಘು. ಗೋವಾಕ್ಕೆ ಮೀನಿನ ಟೆಂಪೋ ಹೊಡೆಯುವವನು. ಜೇಬಿನಿಂದ ಪೆನ್ನಿನಂಥದೊಂದು ತೆಗೆದು ಅತ್ತೆಯ ಕೈಗಿಟ್ಟ. "ಇದ್ರಲ್ಲಿ ಹೊಗೆಸೊಪ್ಪಿಲ್ಲ ಅತ್ತೆ, ಬೆಂಕಿಯೂ ಇಲ್ಲ. ಬರೀ ಹಬೆ. ಎಳ್ಕೊ."

ಹಬೆ ಎಂದಮೇಲೆ ಮುಗಿಯಿತು. ಶೀತವಾದರೆ ಹಬೆ, ತಲೆಭಾರಕ್ಕೆ ಹಬೆ, ಬಾಣಂತಿಗೆ ಹಬೆ. ಹಬೆಯಿಂದ ಕೆಟ್ಟವರನ್ನು ದುರ್ಗಿ ಜನ್ಮದಲ್ಲಿ ಕಂಡಿರಲಿಲ್ಲ. ಎಳೆದಳು. ಮಾವಿನಹಣ್ಣಿನ ರುಚಿ. ಎರಡನೇ ಸಲ ಎಳೆದಾಗ ಮೂರು ದಿನದ ಸಿಡುಕೆಲ್ಲ ಕಳಚಿಬಿತ್ತು, ಕೋಳಿಗಳೂ ಬದುಕಿದವು. ಅಂಗಡಿಯಲ್ಲಿ ಇದನ್ನು ಮಾರುವಂತಿಲ್ಲ, ಸರಕಾರ ಎಂದೋ ನಿಷೇಧಿಸಿದೆ ಎಂಬ ಮಾತನ್ನು ರಾಘು ಹೇಳಲಿಲ್ಲ. ಹೇಳಬೇಕೆಂದು ಅವನಿಗೆ ಅನಿಸಲೂ ಇಲ್ಲ.

ಅಂದಿನಿಂದ ದುರ್ಗಿಯ ಸೊಂಟದಲ್ಲಿ ಪೆನ್ನು ಬಂತು. ಶಾಲೆಯ ಮೆಟ್ಟಿಲು ಹತ್ತದವಳು ಪೆನ್ನು ಸಿಕ್ಕಿಸಿಕೊಂಡು ತಿರುಗಿದರೆ ಊರು ಬಿಟ್ಟೀತೇ? "ದುರ್ಗಕ್ಕ, ಪರೀಕ್ಷೆ ಯಾವಾಗ?" ಎಂದು ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು ಹೊಳೆಯಲ್ಲಿ ನಿಂತೇ ಕೂಗುತ್ತಿದ್ದರು. ಅವಳಿಗೆ ಒಳಗೊಳಗೇ ಖುಷಿ. ನಲವತ್ತೆರಡು ವರ್ಷದ ಹೊಗೆಸೊಪ್ಪನ್ನು ಗೆದ್ದೆನೆಂಬ ಹೆಮ್ಮೆ. ದಿನಾ ಸಂಜೆ ಪೆನ್ನಿಗೆ ವಯರು ಚುಚ್ಚಿ ಚಾರ್ಜಿಗೆ ಇಡುವಳು. ಕರೆಂಟು ಇದ್ದಷ್ಟು ದಿನ ಎಲ್ಲವೂ ಸರಿಯಾಗಿಯೇ ಇತ್ತು. ಲೆಕ್ಕವೂ ಸರಿಯಾಗಿತ್ತು, ಬಾಗಿಲೂ ಹೊತ್ತಿಗೆ ಸರಿಯಾಗಿ ಬೀಳುತ್ತಿತ್ತು.

ಆಷಾಢದ ದ್ವಾದಶಿಯ ದಿನ ಗಾಳಿಮಳೆ ಹೊಡೆದು ಕುಮಟೆಯ ಕಡೆಯಿಂದ ಬರುವ ಲೈನಿನ ಮೂರು ಕಂಬ ಮಲಗಿದವು. ಕರೆಂಟು ಹೋಯಿತು. ಮೊದಲ ದಿನ ಪೆನ್ನಿನಲ್ಲಿ ಉಳಿದದ್ದು ನಡೆಯಿತು. ಎರಡನೇ ದಿನ ಅದರ ಹಸಿರು ದೀಪ ಮೂರು ಸಲ ಮಿಟುಕಿ ಸತ್ತಿತು. ಆಮೇಲೆ ಶುರುವಾಯಿತು ನೋಡಿ. ಕೈ ಸುಮ್ಮನಿರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಒಲೆಯ ಮೇಲೆ ಗಂಜಿ ಇಟ್ಟದ್ದು ತಳ ಹಿಡಿದ ವಾಸನೆ ಬಂದಮೇಲೇ ನೆನಪಾಗುತ್ತದೆ. ಘಳಿಗೆ ಎಣಿಸಲು ಕೂತರೆ ಐದಾದ ಮೇಲೆ ಏಳೋ ಆರೋ ತಿಳಿಯುವುದಿಲ್ಲ. ದುರ್ಗಿಗೆ ಪ್ರಾಯದ ಭಯ ಹೊಕ್ಕಿತು. ಲೆಕ್ಕ ಕಲಿಸಿದ ಅತ್ತೆ ಕೊನೆಗಾಲದಲ್ಲಿ ಮಗನ ಹೆಸರನ್ನೂ ಮರೆತಿದ್ದಳು. ತನಗೂ ಅದೇ ಬಂತೇ ಎಂದು ಮನಸ್ಸು ಅಳುಕಿತು.

ಹುಣ್ಣಿಮೆಯ ಮುಂಜಾನೆ ಇಳಿತಕ್ಕೆ ಹಲಗೆ ಎತ್ತಿ ಬಂದಳು. ಅಂಗಳ ಗುಡಿಸುತ್ತ "ಹುಣ್ಣಿಮೆ" ಎಂದಳು. ಪೊರಕೆ ಅಲ್ಲೇ ಬಿಟ್ಟು ಪೆನ್ನಿಗೆ ಜೀವ ಬಂದಿದೆಯೋ ಎಂದು ಒಳಗೆ ಹೋಗಿ ನೋಡಿದಳು, ಬಂದಿರಲಿಲ್ಲ. ಮತ್ತೆ ಹೊರಗೆ ಬಂದು, ಪೊರಕೆ ಎತ್ತಿಕೊಂಡು, ಮೊದಲ ಬೀಸಿಗೆ "ಪಾಡ್ಯ" ಎಂದಳು. ಒಂದು ಅಂಗಳ ಗುಡಿಸುವಷ್ಟರಲ್ಲಿ ಲೆಕ್ಕ ಒಂದು ದಿನ ಮುಂದೆ ಓಡಿತ್ತು, ಅವಳಿಗೆ ಮಾತ್ರ ಗೊತ್ತಾಗಲಿಲ್ಲ. ಪಾಡ್ಯವೆಂದರೆ ಬಾಗಿಲು ಹಾಕಲು ಇನ್ನೂ ಎರಡು ಘಳಿಗೆ ಹೆಚ್ಚು ಸಿಕ್ಕಿತು. ಅಷ್ಟರಲ್ಲಿ ಪೆನ್ನಿಗೆ ಒಂದಿಷ್ಟು ಕರೆಂಟು ಕುಡಿಸಿಕೊಂಡು ಬಂದೇನು ಎಂದು ಮಳೆಯಲ್ಲೇ ಹೊರಟಳು.

ಇನ್ವರ್ಟರ್ ಇದ್ದದ್ದು ಮಹಾಲಕ್ಷ್ಮಿಯ ಮನೆಯಲ್ಲಿ. ಮಹಾಲಕ್ಷ್ಮಿಯ ಮಗಳು ವಿನುತಾ ಕುಮಟೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಚಿಕ್ಕಂದಿನಲ್ಲಿ ದುರ್ಗಿಯ ಹಿಂದೆ ಕಟ್ಟೆಯ ಮೇಲೆ ಓಡಾಡಿ, ಹಲಗೆಯ ಮೇಲೆ ಕೂತು ಹುಣಸೆಹಣ್ಣು ತಿಂದವಳು. ಮಳೆಗೆ ರಜೆ ಕೊಟ್ಟಿದ್ದರಿಂದ ಮನೆಯಲ್ಲೇ ಇದ್ದಳು. ದುರ್ಗಿ ಸೆರಗಿನ ಗಂಟಿನಿಂದ ತೆಗೆದದ್ದನ್ನು ನೋಡಿ ಅವಳ ಹುಬ್ಬು ಮೇಲೇರಿತು.

"ಇದೆಂತ ದುರ್ಗಕ್ಕ? ನಿಂಗೆ ಯಾರು ಕೊಟ್ರು?"

"ರಾಘು. ಹೊಗೆಸೊಪ್ಪು ಬಿಟ್ಟೆ ಮಾರಾಯ್ತಿ, ಇದು ಬರೀ ಹಬೆ. ಸ್ವಲ್ಪ ಚಾರ್ಜಿಗೆ ಹಾಕು. ತಲೆ ಓಡೂದಿಲ್ಲ ನಂಗೆ, ಎರಡು ದಿನ ಆತು."

ವಿನುತಾ ವಯರು ಕೈಯಲ್ಲಿ ಹಿಡಿದಳು, ಚುಚ್ಚಲಿಲ್ಲ. "ತಲೆ ಓಡದೇ ಇದ್ದದ್ದು ಕರೆಂಟು ಹೋದ ಮೇಲಾ, ಮೊದಲಾ?"

ದುರ್ಗಿ ಯೋಚಿಸಿದಳು. "ಹೋದ ಮೇಲೆ."

"ಇದು ಇ-ಸಿಗರೇಟು, ಹಬೆ ಅಲ್ಲ. ಎಣ್ಣೆಯಂಥ ದ್ರವದ ಸಣ್ಣ ಸಣ್ಣ ಹನಿ. ಅದ್ರೊಳಗೆ ನಿಕೋಟಿನ್ ಇದೆ. ಹೊಗೆಸೊಪ್ಪಿನ ಸತ್ವವೇ ಅದು. ನೀನು ಎಲೆ ಬಿಟ್ಟೆ, ಸತ್ವ ಬಿಡಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಮಾತು ಅಲ್ಲಿಗೆ ಜಗಳವಾಗುತ್ತಿತ್ತು. ಆದರೆ ದುರ್ಗಿಗೆ ಏನಾದರೂ ಹೇಗೆ ನಡೆಯುತ್ತದೆ ಎಂದು ತಿಳಿಯದೆ ಸಮಾಧಾನವಿಲ್ಲ. ಒದ್ದೆ ಸೀರೆಯಲ್ಲೇ ಜಗಲಿಯ ಮೇಲೆ ಕೂತಳು. "ಸತ್ವ ತಲೆಯಲ್ಲಿ ಎಂತ ಮಾಡ್ತದೆ? ಸರಿಯಾಗಿ ಹೇಳು."

"ತಲೆಯೊಳಗೆ ಕೋಟಿಗಟ್ಟಲೆ ಕೋಶ ಇರ್ತದೆ," ಎಂದಳು ವಿನುತಾ. "ಒಂದೊಂದು ಕೋಶಕ್ಕೂ ಸುತ್ತ ಒಂದು ಕಟ್ಟೆ. ಕಟ್ಟೆಯ ಹೊರಗೆ ಉಪ್ಪು ಹೆಚ್ಚು, ಒಳಗೆ ಕಡಿಮೆ. ಕಟ್ಟೆಯಲ್ಲಿ ಸಣ್ಣ ಸಣ್ಣ ಬಾಗಿಲು."

"ಸುಳ್ಳು."

"ನನ್ನಾಣೆ. ಬಾಗಿಲು ತೆಗೆದ್ರೆ ಉಪ್ಪು ಒಳಗೆ ನುಗ್ತದೆ. ಆಗ ಆ ಕೋಶ ಎಚ್ಚರಾಗಿ ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸ್ತದೆ. ಆಮೇಲೆ ಬಾಗಿಲು ಮುಚ್ಚಿ, ಬಂದ ಉಪ್ಪನ್ನ ಹೊರಗೆ ಹಾಕ್ತದೆ. ನೆನಪು, ಎಣಿಕೆ, ಎಲ್ಲ ಹೀಗೇ ಬಾಗಿಲು ತೆಗೆದು ಮುಚ್ಚಿಯೇ ನಡೆಯೂದು."

ದುರ್ಗಿ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಮೂವತ್ನಾಲ್ಕು ವರ್ಷ ಉಪ್ಪುನೀರಿನ ಬಾಗಿಲು ಕಾಯ್ದವಳಿಗೆ ತನ್ನ ತಲೆಯೊಳಗೇ ಕೋಟಿ ಗಜನಿಗಳಿವೆ ಎಂದು ತಿಳಿದರೆ ಆಗುವ ಸಂತೋಷವನ್ನು ನೀವೇ ಊಹಿಸಿ. "ಬಾಗಿಲು ತೆಗೆಯೂದು ಯಾರು?" ಎಂದು ಮುಂದೆ ಬಗ್ಗಿ ಕೇಳಿದಳು.

"ಮೈಯಲ್ಲೇ ಹುಟ್ಟೋ ಒಂದು ರಸ. ಹೊತ್ತಿಗೆ ಸರಿಯಾಗಿ ಬಂದು ತೆಗೀತದೆ. ನಿಕೋಟಿನ್ ಆ ರಸದ ವೇಷ ಹಾಕ್ಕೊಂಡು ಬತ್ತದೆ. ಹೊತ್ತಲ್ಲದ ಹೊತ್ತಿಗೆ ತೆಗೀತದೆ, ಅಲ್ಲೇ ಕೂತ್ಕೊಳ್ತದೆ. ಬಾಗಿಲು ಸಿಕ್ಕಿಹಾಕ್ಕೊಳ್ತದೆ. ಈ ಬಾಗಿಲು ಕೆಲಸ ಮಾಡೂದಿಲ್ಲ ಅಂತ ಕೋಶ ಇನ್ನಷ್ಟು ಬಾಗಿಲು ಕೂರಿಸ್ತದೆ. ಆಮೇಲೆ ಒಂದಿನ ನಿಕೋಟಿನ್ ಬರದೇ ಇದ್ರೆ…"

"ಕಟ್ಟೆ ತುಂಬ ಬಾಗಿಲು, ತೆಗೆಯೂಕೆ ಜನ ಇಲ್ಲ," ಎಂದಳು ದುರ್ಗಿ. ಎದ್ದೇ ನಿಂತಿದ್ದಳು. "ಅದ್ಕೇ ನಂಗೆ ಐದಾದ ಮೇಲೆ ಆರು ಬರೂದಿಲ್ಲ. ನನ್ನ ಬಾಗಿಲಲ್ಲಿ ಬೇರೆಯವ ಬಂದು ಕೂತಿದ್ದ, ಈಗ ಎದ್ದು ಹೋಗಿದ್ದಾನೆ."

ವಿನುತಾ ಆಶ್ಚರ್ಯದಿಂದ ನೋಡಿದಳು. ಇದನ್ನೇ ಕಾಲೇಜಿನಲ್ಲಿ ಎರಡು ವಾರ ಹೇಳಿದರೂ ತಿಳಿಯದ ಮಕ್ಕಳಿದ್ದರು. "ಎಲ್ಲ ಇದ್ರಿಂದಲೇ ಅಂತ ನಾನು ಹೇಳೂದಿಲ್ಲ, ಪ್ರಾಯವೂ ಇರಬಹುದು," ಎಂದಳು ನ್ಯಾಯವಾಗಿ. "ಈ ಹನಿಗಳು ಬಿದ್ರೆ ಮಿದುಳಿನ ಕೋಶಕ್ಕೆ ಏಟು ಬೀಳ್ತದೆ ಅಂತ ಪ್ರಯೋಗಶಾಲೆಯಲ್ಲಿ ಕಂಡವರಿದ್ದಾರೆ. ಎಷ್ಟು, ಹೇಗೆ, ಪೂರ್ತಿ ಇನ್ನೂ ಗೊತ್ತಾಗಲಿಲ್ಲ. ಆದ್ರೆ ಬಿಟ್ರೆ ಹೆಚ್ಚಾದ ಬಾಗಿಲು ವಾರ ಕಳೆದ ಹಾಗೆ ಕಡಿಮೆ ಆತದೆ."

"ಮಹಾಲಕ್ಷ್ಮೀ," ಎಂದು ದುರ್ಗಿ ಒಳಗೆ ಕೂಗಿದಳು, "ಬಾ ಇಲ್ಲಿ, ನಿನ್ನ ಮಗಳು ಹೇಳೂದು ಕೇಳು, ನಿನ್ನ ತಲೆಯಲ್ಲೂ ಗಜನಿ ಇದ್ಯಂತೆ."

"ಆಮೇಲೆ ಬತ್ತೆ," ಎಂದು ಒಳಗಿನಿಂದ ಉತ್ತರ ಬಂತು. "ಹುಣ್ಣಿಮೆ ಪೂಜೆ ಆಗಲಿಲ್ಲ ಇನ್ನೂ."

ದುರ್ಗಿ ನಿಂತಲ್ಲೇ ನಿಂತಳು. ಹುಣ್ಣಿಮೆ. ಪಾಡ್ಯವಲ್ಲ. ಇಲ್ಲದ ಎರಡು ಘಳಿಗೆಯನ್ನು ನಂಬಿಕೊಂಡು ಅವಳು ಜಗಲಿಯ ಮೇಲೆ ಹರಟುತ್ತ ಕೂತಿದ್ದಳು, ಬಾಗಿಲು ಅಲ್ಲಿ ತೆರೆದು ಬಿದ್ದಿತ್ತು. ಅವಳು ಅಂಗಳಕ್ಕೆ ಹಾರಿ ಓಡಿದಳು. ಮುಖ ನೋಡಿಯೇ ವಿನುತಾಗೆ ಅರ್ಥವಾಯಿತು. ಅವಳೂ ಚಪ್ಪಲಿ ಬಿಟ್ಟು ಹಿಂದೆ ಓಡಿದಳು.

ಕಟ್ಟೆಯ ಮೇಲೆ ಕೆಸರು, ಎದುರಿಗೆ ಪಡುವಣ ಗಾಳಿ. ಅರುವತ್ತರ ಹೆಂಗಸು ಆವತ್ತು ಓಡಿದ್ದನ್ನು ಹೊಳೆಯಾಚೆಯಿಂದ ಕಂಡವರು ಈಗಲೂ ಹೇಳುತ್ತಾರೆ. ತೂಬಿನ ಹತ್ತಿರ ಬಂದಾಗ ಕಂದು ನೀರು ನೊರೆ ಕಟ್ಟಿಕೊಂಡು ಒಳಗೆ ನುಗ್ಗುತ್ತಿತ್ತು. ಹತ್ತಿರದ ಗದ್ದೆಯ ಎಳೆ ಕಗ್ಗ ಆಗಲೇ ಕುತ್ತಿಗೆಯವರೆಗೆ ಮುಳುಗಿತ್ತು. ನೀರು ನುಗ್ಗುವಾಗ ಹಲಗೆ ನೆಟ್ಟಗೆ ಇಳಿಯುವುದಿಲ್ಲ, ಅಂಚಿನ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ದುರ್ಗಿ ಮೊದಲ ಹಲಗೆಯನ್ನು ಓರೆಯಾಗಿ ಬಿಟ್ಟು ಕಾಲಿನಿಂದ ಒದ್ದಳು. ಅದು ಅರ್ಧಕ್ಕೆ ನಿಂತಿತು.

"ಹತ್ತಿ ನಿಲ್ಲು," ಎಂದಳು ವಿನುತಾಗೆ. "ಕಾಲೇಜಿನಲ್ಲಿ ಕೂತು ಬೆಳೆಸಿದ ತೂಕ ಇವತ್ತು ಉಪಯೋಗಕ್ಕೆ ಬರ್ಲಿ."

ವಿನುತಾ ಹತ್ತಿ ಕುಣಿದಳು. ಹಲಗೆ ದಡಕ್ಕನೆ ತಳ ಮುಟ್ಟಿತು. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ದುರ್ಗಿಯ ಹೆಬ್ಬೆರಳು ಸಿಕ್ಕಿ ಉಗುರು ಹೋಯಿತು, ಅವಳು ನೋಡಲೂ ಇಲ್ಲ. ಐದನೆಯದು ಕೂತಾಗ ಹೊಳೆ ಹೊರಗೆ ನಿಂತು ಹಲಗೆಗೆ ತಲೆ ಬಡಿಯತೊಡಗಿತು. ಇಬ್ಬರೂ ಕೆಸರಿನಲ್ಲೇ ಕೂತು ಏದುಸಿರು ಬಿಟ್ಟರು, ಆಮೇಲೆ ವಿನುತಾಗೆ ನಗು ಬಂತು, ದುರ್ಗಿಗೂ ಬಂತು. ನಗುತ್ತ ನಗುತ್ತಲೇ ದುರ್ಗಿ ಅತ್ತಳು. ಮೂವತ್ನಾಲ್ಕು ವರ್ಷದಲ್ಲಿ ಬಾಗಿಲು ಹೊತ್ತು ತಪ್ಪಿದ್ದು ಅದೇ ಮೊದಲು.

"ಉಪ್ಪು ಬಂದದ್ದು ಒಂದೇ ಗದ್ದೆಗೆ, ಅದೂ ನಿನ್ನದೇ," ಎಂದಳು ವಿನುತಾ. "ಕಗ್ಗ ತಡ್ಕೊಳ್ತದೆ. ಇಳಿತಕ್ಕೆ ಬಿಟ್ರೆ ಮಳೆ ತೊಳೀತದೆ. ಯಾರಿಗೂ ಗೊತ್ತಾಗೂದಿಲ್ಲ."

ದುರ್ಗಿ ಸೆರಗಿನಿಂದ ಪೆನ್ನು ತೆಗೆದು ಅವಳ ಕೈಗೆ ಕೊಟ್ಟಳು. "ಇದನ್ನ ಇಟ್ಕೊ. ನಾ ನಾಳೆ ಬಂದು ಕೇಳ್ತೆ, ನಾಡಿದ್ದೂ ಕೇಳ್ತೆ. ಕಾಲಿಗೆ ಬಿದ್ರೂ ಕೊಡಬೇಡ."

ಹೇಳಿದಂತೆ ಮಾರನೇ ದಿನವೇ ಕೇಳಲು ಬಂದಳು, ವಿನುತಾ ಕೊಡಲಿಲ್ಲ. ಮೂರನೇ ದಿನ ಬೈದು ಹೋದಳು. ಐದನೇ ದಿನ ರಾಘು ಹೊಸದೊಂದು ಹಿಡಿದುಕೊಂಡು ಬಂದ, ಈ ಸಲ ದ್ರಾಕ್ಷಿಯದು. ದುರ್ಗಿ ಅವನನ್ನು ಅಂಗಳದಲ್ಲಿ ಕೂರಿಸಿ, ತಲೆ, ಕೋಶ, ಕಟ್ಟೆ, ಬಾಗಿಲು ಎಲ್ಲವನ್ನೂ ಒಂದು ತಾಸು ವಿವರಿಸಿದಳು. ಅವನು ಎದ್ದು ಹೋಗುವಾಗ ದ್ರಾಕ್ಷಿ ಅವನ ಜೇಬಿನಲ್ಲೇ ಇತ್ತು. ಅತ್ತೆಯ ಎದುರು ಅದನ್ನು ಎಳೆಯುವ ಧೈರ್ಯ ಮಾತ್ರ ಅವನಿಗಾಗಲಿಲ್ಲ. ಘಳಿಗೆಗಳು ಮಾತ್ರ ಇನ್ನೂ ಎಡವುತ್ತಲೇ ಇದ್ದವು. ದುರ್ಗಿ ಬೆರಳು ಮಡಚಿ ಎಣಿಸುತ್ತಿದ್ದಳು, ಕೈಗೂಸಿನ ಹಾಗೆ.

ಎಂಟನೇ ದಿನ ಸಭೆ. ಕರೆಂಟು ಬಂದಿತ್ತು. ಬೊಮ್ಮಯ್ಯ ಮೋಟಾರಿನ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ತಂದಿದ್ದ. ಮಾತು ಮುಗಿಸಿ, ದುರ್ಗಿಯ ಕಡೆ ತಿರುಗಿ, "ಗೊತ್ತು, ಕರೆಂಟು ಹೋದ್ರೆ ಎಂತ ಅಂತ ನೀ ಕೇಳ್ತೆ," ಎಂದ. ಸಭೆ ನಗಲು ತಯಾರಾಗಿ ಕೂತಿತು. ಆ ಒಂದು ಮಾತು ಹೇಳಿದ್ದರೆ ಬಾಗಿಲು ಅವಳದೇ ಆಗಿ ಉಳಿಯುತ್ತಿತ್ತು.

ದುರ್ಗಿ ಎದ್ದಳು. "ಕರೆಂಟು ಹೋದದ್ದು ನಂಗೇ," ಎಂದಳು. ಪೆನ್ನಿನ ಕತೆ ಹೇಳಿದಳು. ಎರಡು ಸಲ ಅಂಗಳ ಗುಡಿಸಿದ್ದು, ಹುಣ್ಣಿಮೆಯ ದಿನ ಬಾಗಿಲು ತೆರೆದೇ ಇದ್ದದ್ದು, ಒಂದನ್ನೂ ಬಿಡಲಿಲ್ಲ. "ನನ್ನ ತಲೆ ಕರೆಂಟಿನ ಮೇಲೆ ನಡೆಯೂದಿಲ್ಲ ಅಂತ ಇದೇ ಜಾಗದಲ್ಲಿ ಹೇಳಿದ್ದೆ. ಆಗ ಪೆನ್ನು ನನ್ನ ಸೊಂಟದಲ್ಲಿತ್ತು. ಸುಳ್ಳು ಹೇಳಿದ ಹಾಗಾತು." ಹಿಂದೆ ಗೋಡೆಗೆ ಒರಗಿ ನಿಂತಿದ್ದ ಮೂವರು ಜವಾಬ್ದಾರಿಯುತ ಗಂಡಸರು ಮೆಲ್ಲಗೆ ಜೇಬು ಮುಟ್ಟಿಕೊಂಡರು.

ಗೆದ್ದ ಬೊಮ್ಮಯ್ಯನಿಗೆ ಗೆದ್ದ ಹಾಗೆ ಅನಿಸಿರಲಿಲ್ಲ. ಚಿತ್ರವನ್ನು ಮಡಚುತ್ತ, "ಈಗ ಹ್ಯಾಂಗೆ ಲೆಕ್ಕ?" ಎಂದು ಕೇಳಿದ. "ಬರೂ ಏಕಾದಶಿ ಬೆಳಿಗ್ಗೆ ತುಂಬು ಭರತಿ ಎಷ್ಟೊತ್ತಿಗೆ?"

ದುರ್ಗಿ ಕಣ್ಣು ಮುಚ್ಚಿದಳು. ಮೊದಲಾಗಿದ್ದರೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬೀಳುತ್ತಿತ್ತು. ಹುಣ್ಣಿಮೆಗೆ ಹನ್ನೆರಡು. ಹನ್ನೊಂದು ದಿನಕ್ಕೆ ಇಪ್ಪತ್ತೆರಡು. ಕೂಡಿದರೆ… ಜಾರಿತು. ಮತ್ತೆ ಹಿಡಿದಳು. ಮೂವತ್ನಾಲ್ಕು. ಅದು ರಾತ್ರಿಯ ಭರತಿ. ಒಂದು ಭರತಿಗೂ ಇನ್ನೊಂದಕ್ಕೂ ನಡುವೆ ಮೂವತ್ತೊಂದು ಘಳಿಗೆ, ಬೆಳಗಿನದಕ್ಕೆ ಅಷ್ಟು ಹಿಂದೆ ಹೋಗಬೇಕು. ಸಭೆಯಲ್ಲಿ ಒಬ್ಬರೂ ಮೊಬೈಲು ನೋಡಲಿಲ್ಲ. ವಿನುತಾ ಉಗುರು ಕಚ್ಚುತ್ತಿದ್ದಳು.

"ಹೊತ್ತು ಮೂಡಿ ಮೂರು ಘಳಿಗೆ," ಎಂದಳು ದುರ್ಗಿ. "ಸರಿ ಇದ್ರೆ ಬಾಗಿಲು ನಂಗೆ, ವಿನುತಾ ನನ್ನ ಜೊತೆ ಎಣಿಸೂಕೆ ಕಲೀಲಿ. ತಪ್ಪಿದ್ರೆ ಮೋಟಾರು ತರ್ಸು, ಗುಂಡಿ ನಾನೇ ಒತ್ತುತ್ತೆ."

ಏಕಾದಶಿಯ ಬೆಳಿಗ್ಗೆ ಅರ್ಧ ಊರು ಕಟ್ಟೆಯ ಮೇಲಿತ್ತು. ಬೊಮ್ಮಯ್ಯ ಕೊಡೆ ಹಿಡಿದು ಬಂದಿದ್ದ. ಮೋಡ ಎಷ್ಟು ದಟ್ಟವಾಗಿತ್ತೆಂದರೆ ಹೊತ್ತು ಮೂಡಿದ್ದೇ ಯಾರಿಗೂ ಕಾಣಲಿಲ್ಲ. ಹೊಳೆ ಏರುತ್ತಿತ್ತು. ಹೊರಗಡೆ, ನೀರಿನ ಮೇಲೆ ಒಂದು ಹುಲ್ಲಿನ ಎಸಳು ಹಲಗೆಯ ಕಡೆಗೆ ತೇಲಿಬರುತ್ತಿತ್ತು. ಎಲ್ಲರ ಕಣ್ಣೂ ಅದರ ಮೇಲೆ. ಅದು ನಿಂತರೆ ಭರತಿ ತುಂಬಿದ ಹಾಗೆ, ತಿರುಗಿದರೆ ಇಳಿದ ಹಾಗೆ. ದುರ್ಗಿ ಮಾತ್ರ ಹೊಳೆಗೆ ಬೆನ್ನು ಹಾಕಿ, ಹಲಗೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಉಗುರು ಹೋದ ಹೆಬ್ಬೆರಳು ಇನ್ನೂ ಮಿಡಿಯುತ್ತಿತ್ತು. ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಮೂರು," ಎಂದಳು.

ಹುಲ್ಲು ನಿಂತಿತು.